ಕಾಗೆ ಬಾರದ ಶ್ರಾದ್ಧ

ಸತ್ತವರು ನಮ್ಮನ್ನು ಬಿಟ್ಟು ದೂರ ಹೋಗುವುದಿಲ್ಲ. ನಮ್ಮ ತಂದೆಯಂತೂ ಬದುಕಿದ್ದಾಗಲೂ ಮದರಾಸಿನ ಎಗ್ಮೋರ್ ದಾಟಿದವರಲ್ಲ. ಅವರ ಈಸಿಚೇರನ್ನು ಹಳೇ ಸಾಮಾನಿನವನಿಗೆ ಕೊಡುವುದೆಂದು ನಾನು ನಿಶ್ಚಯಿಸಿದ ವಾರವೇ ಅವರ ಶ್ರಾದ್ಧ ಬಂತು. ತಾರಸಿಯಲ್ಲಿ ಪಿಂಡವಿಟ್ಟು ಕಾದೆವು. ಕಾಗೆ ಮುಟ್ಟದಿದ್ದರೆ ಹಿರಿಯರಿಗೆ ಅಸಮಾಧಾನವೆಂದು ಅರ್ಥ. ಮೂರು ಗಂಟೆಯಾದರೂ ಒಂದು ಕಾಗೆಯೂ ಇಳಿಯಲಿಲ್ಲ. ನೀರಿನ ಟ್ಯಾಂಕಿನ ಹಿಂದಿನಿಂದ ಕರಿಬೆಕ್ಕೊಂದು ಬಂದು, ನನ್ನನ್ನೇ ದಿಟ್ಟಿಸುತ್ತ, ಅಷ್ಟನ್ನೂ ತಿಂದಿತು. ನಾನು ಹುಟ್ಟಿನಿಂದ ಪ್ರಾಣಿಪ್ರಿಯ, ಆದರೂ ಕೋಲೆತ್ತಿದೆ.

“ಅಯ್ಯಯ್ಯೋ, ವೇಂಡಾಂ ರೀ, ಹೊಡೀಬೇಡಿ!” ಎಂದಳು ಹೆಂಡತಿ. “ಮಾವನವರೇ ಬಂದಿದ್ರೆ?”

“ಅಪ್ಪಂಗೆ ಬೆಕ್ಕು ಕಂಡ್ರೇ ಆಗ್ತಿರ್ಲಿಲ್ಲ ಕಣೇ.”

“ಅದಕ್ಕೇ ನೋಡಿ, ಮುಖ ಹಾಗಿಟ್ಕೊಂಡಿದಾರೆ.”

ಬೆಕ್ಕು ನಮಗಿಂತ ಮೊದಲು ಕೆಳಗಿಳಿದು ಈಸಿಚೇರಿನಲ್ಲಿ ಕೂತಿತ್ತು.

ಚೇರು ಕೊಡಲಿಲ್ಲ. ಬೆಕ್ಕು ಅದರಲ್ಲೇ ಮಲಗುತ್ತದೆ.