ಅಕ್ಕ ಕಣ್ಣು ಮುಚ್ಚಿ ಆರಿಸಿದ ಕರ್ನೆಲ್

ಮೊನ್ನೆ ಭಾನುವಾರ ಮಧ್ಯಾಹ್ನ ನನ್ನ ಅಕ್ಕ ಕಂಪ್ಯೂಟರಿಗೆ ಬೆನ್ನು ಮಾಡಿ ಕೂತು ಲಿನಕ್ಸ್ ಕರ್ನೆಲ್ ಆರಿಸಿದಳು. ಅದೂ ಕಣ್ಣು ಮುಚ್ಚಿಕೊಂಡು!

ನಗಬೇಡಿ. ನವನಗರದಲ್ಲಿರುವ ಅಕ್ಕ ನಿವೃತ್ತ ಸಂಗೀತ ಶಿಕ್ಷಕಿ. ಚಿಕುನ್‌ಗುನ್ಯಾ ಬಂದು ಹೋದ ಮೇಲೆ ಅವಳ ಎಡಗೈ ಹಾರ್ಮೋನಿಯಂಗೆ ಗಾಳಿ ಹಾಕಲು ಒಪ್ಪಲಿಲ್ಲ. ವರ್ಷವಿಡೀ ಪೆಟ್ಟಿಗೆ ಮುಚ್ಚಿತ್ತು, ಅಕ್ಕನ ಬಾಯಿಯೂ. ನೋಡಲಾರದೆ ಅವಳ ಹಳೆಯ ಡೆಸ್ಕ್‌ಟಾಪಿಗೆ ಒಂದು ಪುಟ್ಟ ಕೀಬೋರ್ಡ್ (ಬಾರಿಸುವಂಥದ್ದು, ಟೈಪ್ ಮಾಡುವಂಥದ್ದಲ್ಲ) ಜೋಡಿಸಿಕೊಟ್ಟೆ. ಬಲಗೈ ಸಾಕು. ಒತ್ತಿದರೆ ಸ್ಪೀಕರಿನಲ್ಲಿ ಹಾರ್ಮೋನಿಯಂ.

ಅಕ್ಕ ಮುಖ ಕಿವುಚಿದಳು. "ತಮ್ಮಾ, ನಾ ಒತ್ತಿದ ಸ್ವರ ಉಣಕಲ್ ಕೆರಿ ಸುತ್ತಿ ಬರಾಕತ್ತೈತಿ. ಹಿಂಗಾದ್ರ ಹೆಂಗ ಹಾಡ್ಲಿ? ಸಾಕು ಬಿಡು, ನಾ ಇನ್ನ ಹಾಡಂಗಿಲ್ಲ."

 ಇನ್ನೊಂದು ವರ್ಷ ಆ ಮೌನ ನನ್ನಿಂದ ಸಹಿಸಲಾಗದು.

ಕಂಪ್ಯೂಟರಿನೊಳಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವುದೇ ಕರ್ನೆಲ್. ಸ್ವರ ತಡವಾಗುತ್ತಿದ್ದುದು ಅದರಿಂದಲೇ ಇರಬೇಕು. ಅವಳ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದಲ್ಲಿ ಹಲವು ಕರ್ನೆಲ್ ಇಟ್ಟುಕೊಂಡು, ಆನ್ ಮಾಡುವಾಗ ಬೇಕಾದ್ದನ್ನು ಆರಿಸಬಹುದು. ನಾನು ಮೂರು ಹಾಕಿದೆ. ಕಚೇರಿಯಲ್ಲೇ ಆಯುಷ್ಯ ಸವೆಸಿದ ನನಗೆ ಗೊತ್ತಿರುವುದು ಒಂದೇ ಅಳತೆ: ಯಾರು ಬೇಗ ಮುಗಿಸುತ್ತಾರೆ? ಮೂರಕ್ಕೂ ಒಂದೊಂದಾಗಿ ಅದೇ ಒಂದು ರಾಶಿ ವಿಡಿಯೊ ಕೆಲಸ ಕೊಟ್ಟು, ಗಡಿಯಾರ ಹಿಡಿದು ಕೂತೆ. ಎಲ್ಲಕ್ಕಿಂತ ಬೇಗ ಮುಗಿಸಿದ ಕರ್ನೆಲ್ಲನ್ನು ಹೆಮ್ಮೆಯಿಂದ ಅಕ್ಕನ ಮುಂದಿಟ್ಟೆ. ಕಂಪ್ಯೂಟರಿನಲ್ಲೇ ತಬಲಾ, ತಂಬೂರಿ, ರೆಕಾರ್ಡಿಂಗ್ ಎಲ್ಲ ಒಟ್ಟಿಗೆ ಶುರುವಾದದ್ದೇ ತಡ, ಸ್ವರ ಮೊದಲಿಗಿಂತಲೂ ಹಿಂದೆ ಬಿತ್ತು.

"ನೀ ಅತ್ತಾಗ ಸರಿ. ನಾ ಕೇಳ್ತೇನಿ" ಅಂದಳು ಅಕ್ಕ. ಶಿಷ್ಯರು ತಂಬೂರಿ ಶ್ರುತಿ ಮಾಡುವಾಗ ಬೆನ್ನು ಮಾಡಿ ಕೂರುವುದು ಅವಳ ರೂಢಿ. (ನೋಡಿದರೆ ಕಿವಿ ಸೋಮಾರಿಯಾಗುತ್ತದಂತೆ.) ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ತಿರುಗಿ ಕಣ್ಣು ಮುಚ್ಚಿದಳು. ಯಾವ ಕರ್ನೆಲ್ ಎಂದು ಹೇಳದೆ ಒಂದೊಂದಾಗಿ ಬದಲಿಸುವುದು ನನ್ನ ಪಾಳಿ.

"ಇದಲ್ಲ."

ರೀಸ್ಟಾರ್ಟ್. ಪರದೆ ಕಪ್ಪಾಯಿತು. ನೆಲದ ಮೇಲೆ ಬೇವಿನ ನೆರಳು ಮೆಲ್ಲಗೆ ಆಡುತ್ತಿತ್ತು. ಅವಳ 'ಸಾ' ಕೇಳುತ್ತ, ಕೌದಿಯೊಳಗೆ ಮಗ್ಗುಲು ಬದಲಿಸುತ್ತಿದ್ದ ಬಾಲ್ಯದ ಬೆಳಗುಗಳು ತೇಲಿ ಬಂದವು. ಎಷ್ಟು ಹೊತ್ತು ಎಲ್ಲಿದ್ದೆನೋ!

"ಇದೂ ಅಲ್ಲ."

ಮತ್ತೆ ಕಪ್ಪು ಪರದೆ. ಮತ್ತೆ ನೆರಳು.

ಮೂರನೆಯದು ಬಂತು. ಒಮ್ಮೆ ಒತ್ತಿದಳು. ಇನ್ನೊಮ್ಮೆ ಒತ್ತಿದಳು. ಆಮೇಲೆ ದನಿ ತೆಗೆದಳು. ಮೊದಲು ಒಡಕು, ನಿಧಾನಕ್ಕೆ ಹದ. ಸ್ವರ ಅವಳ ಬೆರಳಿನಡಿಯಲ್ಲೇ ಇತ್ತು. ನನ್ನ ಕಣ್ಣು ತುಂಬಿ ಬಂತು, ಹೇಳಲು ನಾಚಿಕೆಯೇನು?

ವೇಳೆ ಬರೆದಿಟ್ಟ ನನ್ನ ಪಟ್ಟಿ ತೆಗೆದು ನೋಡಿದೆ. ಓಟದಲ್ಲಿ ಕಟ್ಟಕಡೆಗೆ ಬಂದದ್ದು ಇದೇ! ಕರೆದ ಕೂಡಲೇ ಕೈಯಲ್ಲಿದ್ದುದನ್ನು ಬಿಟ್ಟು ಓಗೊಡುವ ಸ್ವಭಾವ ಇದರದು. ಹಾಗಾಗಿ ಒಟ್ಟು ಕೆಲಸ ತುಸು ತಡ. ಮನುಷ್ಯರನ್ನೂ ನಾನು ಇದೇ ಗಡಿಯಾರ ಹಿಡಿದು ಅಳೆದೆನಲ್ಲ, ಎಷ್ಟು ಜನರಿಗೆ ತಪ್ಪು ಅಂಕ ಕೊಟ್ಟಿರಬಹುದು?

ಹಾಡು ತುಸು ನಿಂತಾಗ ಹೇಳಿದೆ, "ಅಕ್ಕಾ, ಕೆಲಸ ಮುಗಿಸೋದ್ರಾಗ ಇದು ಎಲ್ಲಕ್ಕಿಂತ ಹಿಂದ ಐತಿ ನೋಡು."

ಅವಳು ಕಣ್ಣು ತೆರೆಯಲಿಲ್ಲ.

"ಮುಗಿಸೋ ಗಡಿಬಿಡಿ ಯಾರಿಗೈತೋ? ನಾ ಈಗಷ್ಟ ಚಾಲೂ ಮಾಡೇನಿ."