ಗಟ್ಟಿಮೇಳಕ್ಕೆ ಮುಂಚೆ ಜಿಗಣಿಗೆ

ನವೆಂಬರ್ ೨೭, ಗುರುವಾರ, ಬೆಳಿಗ್ಗೆ ಆರು ಗಂಟೆ ಐದು ನಿಮಿಷಕ್ಕೆ ನಾಗಸಂದ್ರ ಮೆಟ್ರೋ ನಿಲ್ದಾಣದಿಂದ ಹೊರಟೆ. ಚಳಿ ಇತ್ತು, ತುಮಕೂರು ರಸ್ತೆಯ ಮೇಲೆ ಮಂಜು. ಬೆನ್ನಿನ ಚೀಲದಲ್ಲಿ ಆಸ್ಪತ್ರೆಯಿಂದ ಕೇಳಿ ತಂದ ಎರಡೂವರೆ ಕಿಲೋ ತೂಕದ ಯಂತ್ರ. ಹೋಗಬೇಕಾಗಿದ್ದುದು ಜಿಗಣಿಗೆ, ರಮ್ಯಳ ಮದುವೆಗೆ. ಮುಹೂರ್ತ ಹತ್ತೂ ಹತ್ತಕ್ಕೆ.

ರಮ್ಯ ನಮ್ಮ ವಿಭಾಗದ ರೋಗಿ. ಹೆಸರು ಬದಲಿಸಿದ್ದೇನೆ, ಬರೆಯಲು ಅವಳೇ ಒಪ್ಪಿದ್ದಾಳೆ. ನಾನು ಹೃದ್ರೋಗದ ಓದು ಮುಗಿಸಿ, ವಂಶದಲ್ಲಿ ಇಳಿದು ಬರುವ ಹೃದಯದ ಕಾಯಿಲೆಗಳ ತರಬೇತಿಗೆ ಸೇರಿ ಆಗ ನಾಲ್ಕು ತಿಂಗಳು. ಅಲ್ಲಿ ಒಬ್ಬರು ಬಂದರೆ ಇಡೀ ಮನೆತನವೇ ಬಂದಂತೆ. ಅಜ್ಜಿಯಿಂದ ಮೊಮ್ಮಗುವಿನ ತನಕ ವಂಶವೃಕ್ಷ ಬರೆದು ಒಬ್ಬೊಬ್ಬರಿಗೂ ಇಸಿಜಿ ತೆಗೆಯಬೇಕು. ರಮ್ಯಳ ಅಕ್ಕ ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೊಬೈಲಿನ ಅಲಾರಂ ಹೊಡೆದ ಕ್ಷಣಕ್ಕೆ ಹಾಸಿಗೆಯಲ್ಲೇ ತೀರಿಹೋಗಿದ್ದಳು. ಅದೇ ದೋಷ ರಮ್ಯಳಲ್ಲೂ ಇತ್ತು. ಇಂಥವರ ಹೃದಯ ಒಂದು ಬಡಿತದ ನಂತರ ಇನ್ನೊಂದಕ್ಕೆ ಸಿದ್ಧವಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಸಂದಿಯಲ್ಲಿ ಬೆಚ್ಚಿಬಿದ್ದರೆ ಲಯ ತಪ್ಪಿ ನಿಂತೇಹೋಗಬಹುದು. ಮಾತ್ರೆ ಕೊಟ್ಟಿದ್ದೆವು. ಅಲಾರಂ, ಕರೆಗಂಟೆ, ಕುಕ್ಕರ್ ಸೀಟಿ, ಎಲ್ಲಕ್ಕೂ ಎಚ್ಚರ ಹೇಳಿದ್ದೆವು. ಬುಧವಾರ ಸಂಜೆ ಅವಳೇ ಫೋನ್ ಮಾಡಿದಳು.

“ಡಾಕ್ಟ್ರೇ, ಎಲ್ಲಾ ಹೇಳಿದ್ರಿ. ನಾಳೆ ತಾಳಿ ಕಟ್ಟೋವಾಗ ಗಟ್ಟಿಮೇಳ ಹೊಡೀತಾರಲ್ಲ, ಅದಕ್ಕೇನ್ಮಾಡ್ಲಿ?”

ನಾವು ಓದಿದ ಪುಸ್ತಕಗಳಲ್ಲಿ ಗಟ್ಟಿಮೇಳ ಇರಲಿಲ್ಲ. ವಿಭಾಗದ ಹಿರಿಯ ವೈದ್ಯೆ, “ಮಿಷನ್ ತಗೊಂಡು ನೀನೇ ಹೋಗ್ಬಿಡು” ಎಂದರು.

ನಿಲ್ದಾಣದ ತಪಾಸಣೆಯಲ್ಲಿ ಚೀಲ ತೆರೆಸಿದರು. “ಏನ್ ಮೇಡಂ ಇದು?” ಎಂದಳು ಕಾವಲಿನ ಹೆಂಗಸು. ನಿಂತ ಹೃದಯಕ್ಕೆ ಶಾಕ್ ಕೊಡುವುದು ಎಂದೆ. “ಅಯ್ಯೋ, ಮುಚ್ಚಿ ಮುಚ್ಚಿ, ತಗೊಂಡೋಗಿ” ಎಂದು ಕೈ ಹಿಂದಕ್ಕೆ ಎಳೆದುಕೊಂಡಳು.

ಬೊಮ್ಮಸಂದ್ರದ ತನಕ ತೊಂಬತ್ತು ರೂಪಾಯಿ. ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗದ ರೈಲು ಕಣ್ಣೆದುರೇ ಹೊರಟುಹೋಯಿತು, ಮುಂದಿನದರಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ನುಗ್ಗಿದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಜನ ಇಳಿದುಹೋಗುವ ತನಕ ಅವರ ಫೋನುಗಳು ಬಡಿದುಕೊಳ್ಳುತ್ತಲೇ ಇದ್ದವು. ಪ್ರತಿ ಸಲವೂ ಯಾರಾದರೂ ಕುಸಿದರೇ ಎಂದು ಸುತ್ತ ನೋಡುತ್ತಿದ್ದೆ. ಈ ತರಬೇತಿಗೆ ಸೇರಿದ ಮೇಲೆ ಊರಿನ ಸದ್ದೆಲ್ಲ ನನಗೆ ಹೀಗೇ ಕೇಳಿಸುತ್ತದೆ.

ಬೊಮ್ಮಸಂದ್ರದಿಂದ ಆಟೋ ಹಿಡಿದೆ. ಕಾರ್ಖಾನೆಗಳ ಲಾರಿ ಸಾಲಿನ ಹಿಂದೆ ಚಾಲಕ ಹಾರ್ನಿನ ಮೇಲಿಂದ ಹೆಬ್ಬೆರಳು ತೆಗೆಯಲಿಲ್ಲ.

“ಅಣ್ಣ, ಹಾರ್ನ್ ಸ್ವಲ್ಪ ಕಮ್ಮಿ ಮಾಡ್ತೀರಾ?”

“ಹಾರ್ನ್ ಇಲ್ದೆ ಜಿಗಣಿ ರೋಡಾ? ಇಳಿದು ಆ ಲಾರಿಯೋನ್ಗೆ ‘ದಾರಿ ಬಿಡಪ್ಪಾ’ ಅಂತ ನೀವೇ ಹೇಳ್ಬಿಟ್ ಬನ್ನಿ ಮೇಡಂ.”

ಎಂಟೂ ಮುಕ್ಕಾಲಿಗೆ ಛತ್ರ ಸೇರಿದೆ. ಉಪ್ಪಿಟ್ಟು, ಕೇಸರಿಬಾತ್ ಬಡಿಸಿದರು. ಮದುಮಗ ಚೇತನ್‌ಗೆ ಎಲ್ಲ ಗೊತ್ತಿತ್ತು. ಅವನೇ ನನ್ನನ್ನು ಮದುಮಗಳ ಕೋಣೆಗೆ ಕರೆದೊಯ್ದು, ವಾಲಗದ ಹಿರಿಯನನ್ನೂ ಅಲ್ಲಿಗೆ ಕರೆಸಿದ. ಗಟ್ಟಿಮೇಳ ಬೇಡ ಎಂದೆ. ಮೂಲೆಯಲ್ಲಿ ಕುಳಿತಿದ್ದ ರಮ್ಯಳ ಅಜ್ಜಿ ಎದ್ದು ನಿಂತರು.

“ಅಂಗೆಲ್ಲ ಆಗಾಕಿಲ್ಲ ಕಣವ್ವ. ಮೇಳ ಇಲ್ದೆ ಯಾವನಾರ ಸೀನ್ಬಿಟ್ರೆ? ದೊಡ್ಡೋಳಿಗೆ ತಾಳಿ ಕಟ್ಟೋವಾಗ ಇಂಗೇ ಒಬ್ಬ ಸೀನಿದ್ದ. ಏನಾಯ್ತು ನೋಡಿದ್ಯಲ್ಲ.”

“ಅದು ಸೀನಿಂದ ಬಂದಿದ್ದಲ್ಲ ಅಜ್ಜಿ.”

“ಮತ್ತೆಲ್ಲಿಂದ ಬಂತು?”

ಅಜ್ಜಿಯಿಂದಲೇ ಇಳಿದು ಬಂದದ್ದು. ಅವರ ಇಸಿಜಿ ತೆಗೆದು, ಕೂರಿಸಿಕೊಂಡು ತಿಳಿಸಿದ್ದೆವು. ಅಂದು ಅವರು ತಲೆಯಾಡಿಸಿದ್ದರಷ್ಟೆ. ಮೊಮ್ಮಗಳ ಹೂವಿನ ಜಡೆಯ ಮುಂದೆ ನಿಂತು ಅದನ್ನು ಮತ್ತೆ ಹೇಳಲಿಲ್ಲ. ಅವರಿಗೂ ನನಗೂ ಇದ್ದದ್ದು ಒಂದೇ ಭಯ.

ರಮ್ಯಳೇ ದಾರಿ ಹೇಳಿದಳು. “ಮೇಳ ನಿಲ್ಲಿಸೋದ್ ಬೇಡಜ್ಜಿ. ಅಂತರಪಟ ಸರಿದಾಗಿಂದ್ಲೇ ಮೆಲ್ಲಗೆ ಶುರು ಮಾಡ್ಲಿ, ಏರಿಸ್ಕೊಂಡು ಹೋಗ್ಲಿ. ಥಟ್ ಅಂತ ಬೇಡ, ಅಷ್ಟೇ.”

“ಅಷ್ಟೊತ್ತು ಡೋಲು ಹೊಡೆದ್ರೆ ಕೈ ಬಿದ್ದೋಗ್ತದೆ ತಾಯಿ” ಎಂದ ವಾಲಗದವನು.

“ಬಿದ್ರೆ ಡಾಕ್ಟ್ರು ಇಲ್ಲೇ ಇದಾರೆ, ಬಾರಿಸಣ್ಣ” ಎಂದ ಚೇತನ್. ಅಜ್ಜಿಯೂ ನಕ್ಕರು. ಮೇಳವನ್ನು ಹಾಗೆ ಏರಿಸುವುದು ಸರಿಯೋ ತಪ್ಪೋ ಎಂದು ಹೇಳುವ ಪುಸ್ತಕ ಮಾತ್ರ ನನ್ನ ಬಳಿ ಇರಲಿಲ್ಲ.

ಮಂಟಪದ ಕಂಬದ ಪಕ್ಕ, ಚೀಲದ ಜಿಪ್ ತೆರೆದು ನಿಂತೆ. ಮೇಳ ಪಿಸುಮಾತಿನಂತೆ ಶುರುವಾಗಿ ನಿಧಾನಕ್ಕೆ ಏರಿತು. ಒಂದು ಗಂಟು. ಎರಡನೆಯ ಗಂಟಿಗೆ ಯಾರೋ ಮೈಕನ್ನು ಸ್ಪೀಕರಿನ ಹತ್ತಿರ ಒಯ್ದರು. ಕಿವಿ ಸೀಳುವ ಹಾಗೆ ಅದು ಕಿರುಚಿತು. ರಮ್ಯಳ ಭುಜ ಹಾರಿತು, ಕಣ್ಣು ಮುಚ್ಚಿಕೊಂಡವು. ನಾನು ಯಂತ್ರದ ಹಿಡಿ ಹಿಡಿದು ಮಂಟಪದ ಮೆಟ್ಟಿಲು ಹತ್ತಿಯೇ ಬಿಟ್ಟೆ. ಚೇತನ್ ದಾರ ಹಿಡಿದುಕೊಂಡೇ ಅವಳ ಮುಖಕ್ಕೆ ಬಾಗಿದ್ದ. ನೂರಾರು ಜನ ಅಕ್ಷತೆ ಎತ್ತಿ ಹಿಡಿದಿದ್ದರು, ಏನಾಗುತ್ತಿದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಅವಳು ಕಣ್ಣು ತೆರೆದಳು. “ಕಟ್ಟಿ” ಎಂದಳು. ಮೂರನೆಯ ಗಂಟು ಅವನ ಬೆರಳಲ್ಲಿ ಎರಡು ಸಲ ಜಾರಿತು.

ಊಟವಾದ ಮೇಲೆ ನಾಡಿ ನೋಡಲು ಅವಳ ಕೈ ಹಿಡಿದಿದ್ದಾಗ ಮೆಲ್ಲಗೆ ಕೇಳಿದಳು: “ಡಾಕ್ಟ್ರೇ, ಮುಂದೆ ಮಗು ಆಗುತ್ತಲ್ಲ. ಅದು ರಾತ್ರಿ ಇದ್ದಕ್ಕಿದ್ದಂಗೆ ಕಿರ್ ಅಂತ ಅತ್ರೆ?”

ಈ ದೋಷವಿರುವ ಹೆಣ್ಣುಮಕ್ಕಳಿಗೆ ಬಾಣಂತನದ ತಿಂಗಳುಗಳೇ ಹೆಚ್ಚು ಅಪಾಯದವು ಎಂದು ಓದಿದ್ದೆ. ಮಾತ್ರೆ ಬಿಡಬೇಡ, ಇಬ್ಬರೂ ಕ್ಲಿನಿಕ್ಕಿಗೆ ಬನ್ನಿ, ಕೂತು ಮಾತಾಡೋಣ ಎಂದೆ. ಸಂಜೆ ನಾಲ್ಕೂವರೆಗೆ ನಾಗಸಂದ್ರದಲ್ಲಿ ಇಳಿದಾಗ ಯಂತ್ರ ಬಳಸದೆಯೇ ವಾಪಸು ಬಂದಿತ್ತು. ಅವಳ ಪ್ರಶ್ನೆಯೂ ನನ್ನ ಜೊತೆಗೇ ಬಂದಿತ್ತು.

ಈ ದೋಷವಿದ್ದೂ ಮಕ್ಕಳನ್ನು ಸಾಕಿದ ತಾಯಂದಿರು ಇದನ್ನು ಓದುತ್ತಿದ್ದರೆ, ಅಥವಾ ಅಂಥವರು ನಿಮಗೆ ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ರಾತ್ರಿ ಮಗುವಿನ ಪಕ್ಕ ಯಾರು ಮಲಗುತ್ತಿದ್ದರು, ಅದರ ಮೊದಲ ಅಳು ಯಾರ ಕಿವಿಗೆ ಬೀಳುತ್ತಿತ್ತು, ಅಷ್ಟು ತಿಳಿದರೂ ಸಾಕು. ಸಂಕ್ರಾಂತಿ ಕಳೆದ ಮೇಲೆ ರಮ್ಯ ಬರುತ್ತಾಳೆ. ನಿಮ್ಮ ಪತ್ರಗಳನ್ನು ಅವಳ ಮುಂದೆ ಇಡುತ್ತೇನೆ.