ಅಕ್ಕೋರಿಗೆ ಮಾಡಿದ ರೈಲು ಕೇಕ್

ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟದ ಒಬ್ಬ ಹಿರಿಯ ಹೆಂಗಸಿಗೆ ನಾನು ಸುಳ್ಳು ಹೇಳಿ ಮೊಟ್ಟೆ ತಿನ್ನಿಸಿದ್ದೇನೆ. ಒಮ್ಮೆ ಅಲ್ಲ, ಎರಡು ಸಲ. ಮೊದಲ ಸಲ ದಿಕ್ಕು ತೋಚದೆ ಮಾಡಿದೆ ಎಂದು ಹೇಳಿಕೊಳ್ಳಬಹುದು — ಹೇಳಿಕೊಂಡೂ ಇದ್ದೇನೆ, ನನಗೆ ನಾನೇ, ನೂರು ಸಲ. ಎರಡನೆಯದಕ್ಕೆ ಆ ನೆಪವೂ ಇಲ್ಲ.

ಅವರು ನನ್ನ ಅಕ್ಕೋರು. ಶಾಲೆ ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ದಿನಾ ಮುಂಜಾನೆ ಖಾನಾಪುರದಲ್ಲಿ ಪ್ಯಾಸೆಂಜರ್ ರೈಲು ಹತ್ತಿ ನಮ್ಮೂರು ಗುಂಜಿಗೆ ಬಂದು ನಮಗೆ ಅಕ್ಷರ ತಿದ್ದಿಸಿದವರು. ನಮ್ಮದು ಕುರಿ ಸಾಕಿದ ಮನೆ. ಮಾಂಸ, ಮೊಟ್ಟೆ ಎಲ್ಲ ನಡೆಯುತ್ತಿತ್ತು. ಅಕ್ಕೋರು ಲಿಂಗಾಯತರು, ಕೊರಳಲ್ಲಿ ಲಿಂಗ ಕಟ್ಟಿದವರು. ಸಂಜೆಯ ರೈಲು ತಡವಾದ ದಿನ ನಮ್ಮ ಮನೆಗೆ ಬಂದು ಕೂರುತ್ತಿದ್ದರು. ಅವ್ವ ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಕೊಡುತ್ತಿದ್ದಳು. ಅದಕ್ಕಿಂತ ಹೆಚ್ಚು ಅವ್ವ ಒತ್ತಾಯ ಮಾಡಲಿಲ್ಲ, ಅವರು ಕೇಳಲಿಲ್ಲ. ಇಬ್ಬರಿಗೂ ಅದರಲ್ಲಿ ಬೇಜಾರಿರಲಿಲ್ಲ.

ಮದುವೆಯಾಗಿ ಬೆಳಗಾವಿಗೆ ಬಂದ ಮೇಲೆ ನಾನು ಟಿಳಕವಾಡಿಯ ಮನೆಯಲ್ಲೇ ಕೇಕ್ ಮಾಡತೊಡಗಿದೆ. ಗಿಟಾರು, ಕ್ರಿಕೆಟ್ ಬ್ಯಾಟು, ಟ್ರ್ಯಾಕ್ಟರು — ಯಾವ ಆಕಾರ ಹೇಳಿದರೂ ಸೈ. ಈ ಊರಿನಲ್ಲಿ ಕೇಕ್ ಮಾಡುವವರಿಗೆ ಮೊದಲು ಬರುವ ಪ್ರಶ್ನೆ ರುಚಿಯದಲ್ಲ. "ತತ್ತಿ ಹಾಕ್ತೀರೇನ್ರಿ?" ಎಂದು. ತತ್ತಿ ಅಂದರೆ ಮೊಟ್ಟೆ. ಅದಕ್ಕೇ ಎರಡು ಜೊತೆ ಡಬ್ಬಿ, ಎರಡು ಜೊತೆ ಪಾತ್ರೆ ಇಟ್ಟಿದ್ದೆ. ಮೊಟ್ಟೆ ಸೋಕದ ಜೊತೆಗೆ ಕೆಂಪು ದಾರ. ಬಂದವರಿಗೆಲ್ಲ ಆ ದಾರ ತೋರಿಸಿ ಮೆರೆಯುತ್ತಿದ್ದೆ, ನಾಚಿಕೆಗೇಡಿ!

ಅಕ್ಕೋರಿಗೆ ಎಪ್ಪತ್ತೈದು ತುಂಬುವಾಗ ಅವರ ಮಗಳು ಸುನಂದಾ ಫೋನ್ ಮಾಡಿದಳು. "ಅವ್ವಗ ಒಂದು ರೈಲು ಮಾಡಿಕೊಡು ಲಕ್ಷ್ಮೀ. ಹೊಗಿ ಬಿಡೂ ಎಂಜಿನ್ನು, ಹಿಂದ ಎರಡು ಡಬ್ಬಿ. ಜಲ್ಮೆಲ್ಲಾ ಅದರಾಗ ಓಡಾಡ್ಯಾಳ ಆಕಿ." ನನಗೆ ಎಷ್ಟು ಹಿಗ್ಗಾಯಿತೆಂದರೆ, ಖಾನಾಪುರದಲ್ಲಿ ಪರಿಚಯವಿದ್ದವರಿಗೆಲ್ಲ ನಾನೇ ಫೋನ್ ಮಾಡಿ ಹೇಳಿದೆ.

ಮೊಸರು, ಸೋಡಾ ಹಾಕಿ ಮಾಡುವ ಮೊಟ್ಟೆಯಿಲ್ಲದ ಕೇಕ್ ಮೆತ್ತಗೆ, ಪುಡಿಪುಡಿ. ದುಂಡಗೆ ಇಟ್ಟರೆ ಕೂರುತ್ತದೆ. ಚಾಕು ಹಿಡಿದು ಕೆತ್ತಲು ಹೋದರೆ ಕುಸಿಯುತ್ತದೆ. ಹಿಂದಿನ ದಿನವೇ ಮಾಡಿ, ಫ್ರಿಜ್ಜಿನಲ್ಲಿಟ್ಟು ಬಿಗಿ ಮಾಡಿಕೊಂಡೇ ಕೆತ್ತಬೇಕು. ಗೊತ್ತಿತ್ತು. ಆದರೂ ಸೊಕ್ಕು ನೋಡಿ — ಇಂಥವು ಎಷ್ಟು ಮಾಡಿಲ್ಲ ನಾನು — ಅದೇ ದಿನ ಮುಂಜಾನೆ ಶುರುಮಾಡಿದೆ. ಮೊದಲನೆಯದು ಕೆತ್ತುವಾಗಲೇ ಮುರಿಯಿತು. ಎರಡನೆಯದಕ್ಕೆ ಸಕ್ಕರೆ ಹಾಳೆ ಹೊದಿಸಿ, ಬಿಸ್ಕತ್ತಿನ ಗಾಲಿ ಅಂಟಿಸಿ, ಹೊಗೆಕೊಳವೆ ಇಟ್ಟೆ. ಎಂಜಿನ್ನಿನ ಹೊಟ್ಟೆ ಬಿರಿದು ಒಂದು ಬಾಜು ಪೂರಾ ಬಿತ್ತು. ಕರೆದೊಯ್ಯುವ ಕಾರು ಬರಲು ಮೂರು ತಾಸು ಉಳಿದಿತ್ತು.

ಒಂದು ಸಾದಾ ದುಂಡನೆಯ ಕೇಕ್ ಒಯ್ದಿದ್ದರೆ ಸಾಕಿತ್ತು. ಅದೂ ಬೇಡ, ಪೇಟೆಯಲ್ಲಿ ಒಂದು ಪೊಟ್ಟಣ ಕುಂದಾ ಕಟ್ಟಿಸಿಕೊಂಡು ಹೋಗಿದ್ದರೂ ಅಕ್ಕೋರು ಅದನ್ನೇ ಹಣೆಗೊತ್ತಿಕೊಂಡು ತಿನ್ನುತ್ತಿದ್ದರು. ಆದರೆ ರೈಲು ಬರುತ್ತದೆ, ನೋಡುತ್ತಿರಿ ಎಂದು ಊರ ತುಂಬ ಡಂಗುರ ಹೊಡೆದಿದ್ದೆನಲ್ಲ — ಕೆಂಪು ದಾರದ ಪಾತ್ರೆಗೇ ಆರು ಮೊಟ್ಟೆ ಒಡೆದು ಹಾಕಿದೆ. ಇನ್ನೊಂದು ಪಾತ್ರೆ ಕೈಯಳತೆಯಲ್ಲೇ ಇತ್ತು. ಯಾಕೆ ಅದನ್ನು ತೆಗೆದುಕೊಳ್ಳಲಿಲ್ಲ — ನನ್ನನ್ನೇ ನಂಬಿಸಿಕೊಳ್ಳಲು ಹೊರಟಿದ್ದೆನೋ ಏನೋ. ವಾಸನೆ ಗೊತ್ತಾಗಬಾರದೆಂದು ಏಲಕ್ಕಿ ಮಾತ್ರ ಮರೆಯದೆ ಹಾಕಿದೆ. ಅಷ್ಟು ಬುದ್ಧಿ ಇತ್ತು.

ರೈಲು ನಿಂತಿತು. ಖಾನಾಪುರದಲ್ಲಿ ಅಕ್ಕೋರ ಮನೆಯ ಪಡಸಾಲೆಯಲ್ಲಿ ಅದನ್ನು ಇಟ್ಟಾಗ ಜನ ಹೋ ಎಂದರು. ಹತ್ತಿ ಮಿಠಾಯಿಯ ಹೊಗೆ. ಬದಿಯಲ್ಲಿ ಹಳದಿ ಸಕ್ಕರೆಯ ಫಲಕ, ಅದರ ಮೇಲೆ ಕಪ್ಪಗೆ 'ಗುಂಜಿ'. ಅಕ್ಕೋರು ಅದನ್ನು ಓದಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರ ನಾದಿನಿ ಮಾತ್ರ, "ಅವರ ಮನ್ಯಾಗ ಮಾಡಿದ್ದು, ನನಗ ಬ್ಯಾಡ" ಎಂದು ಹಿಂದೆ ಸರಿದರು. ಆಗ ಅಕ್ಕೋರು ನನ್ನತ್ತ ತಿರುಗಿದರು.

"ತತ್ತಿ ಹಾಕಿಲ್ಲಲ್ಲವಾ?"

"ಇಲ್ರೀ ಅಕ್ಕೋರ. ನಿಮ್ಮಾಣಿ."

ಕೇಳಿದ್ದು ಒಂದೇ ಮಾತು. ಹೌದು ಅಥವಾ ಇಲ್ಲ. ಆಣೆಯನ್ನು ಯಾರೂ ಕೇಳಿರಲಿಲ್ಲ, ಅದನ್ನು ನಾನೇ ಸೇರಿಸಿದೆ — ಅವರ ಹೆಸರಿನ ಮೇಲೆ, ಅವರ ಹುಟ್ಟುಹಬ್ಬದ ದಿನ.

ಅಕ್ಕೋರು ನಾದಿನಿಗೆ ಹೇಳಿದರು: "ನಾ ಕಲಿಸಿದ ಹುಡುಗಿ ಅದು. ನನ್ನ ಮುಂದ ಸುಳ್ಳು ಹೇಳಂಗಿಲ್ಲ. ತಿನ್ನು." ಹೇಳಿ, ತಾವೇ ಎಲ್ಲರಿಗಿಂತ ಮೊದಲು ಎಂಜಿನ್ನಿನ ತುಂಡು ಬಾಯಿಗಿಟ್ಟರು. ನಾನು ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದೆ. ಹೊರಗೆ ನಾದಿನಿಯೂ ತಿನ್ನುತ್ತಿದ್ದರು.

ಆಮೇಲೆ ಅಕ್ಕೋರಿಗೆ ಆ ಕೇಕಿನದೇ ಧ್ಯಾಸ. ಹಬ್ಬ ಹುಣ್ಣಿಮೆಗೆ ಕರೆದಾಗೆಲ್ಲ ನಾನು ಮೊಟ್ಟೆಯಿಲ್ಲದ್ದನ್ನೇ ಮಾಡಿ ಒಯ್ದೆ, ಖರೇನೇ ಇಲ್ಲದ್ದು. ಒಂದು ಚೂರು ತಿಂದು ಬದಿಗಿಡುವರು. "ಛಲೋ ಐತಿ ಖರೇ, ಅವತ್ತಿನಂಗಿಲ್ಲ." ಏನು ಹೇಳಲಿ? ಬೆಣ್ಣೆ ಬದಲಾಗಿದೆ ಎಂದೆ, ಓವನ್ ಹಳತಾಯಿತು ಎಂದೆ. ಒಂದು ಸುಳ್ಳಿಗೆ ಇಷ್ಟು ಮಕ್ಕಳು ಹುಟ್ಟುತ್ತವೆ ಎಂದು ನನಗೆ ತಿಳಿದಿರಲಿಲ್ಲ.

ಹೋದ ವರ್ಷ ಅಕ್ಕೋರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮಲಗಿದವರು ಊಟವನ್ನೇ ಬಿಟ್ಟರು. ಸುನಂದಾ ಫೋನಿನಲ್ಲಿ ಅತ್ತಳು. "ಗಂಜಿ ಒಲ್ಲೆ ಅಂತಾಳ, ಅನ್ನ ಒಲ್ಲೆ ಅಂತಾಳ. ಲಕ್ಷ್ಮೀದು ಆ ರೈಲು ಕೇಕ್ ತಿಂತೀನಿ ಅಂತಾಳ. ಅವತ್ತ ಮಾಡಿದ್ಯಲ್ಲಾ, ಅದ."

ಆ ದಿನ ಅವಸರವಿರಲಿಲ್ಲ, ಯಾವ ಎಂಜಿನ್ನೂ ಕುಸಿದಿರಲಿಲ್ಲ. ಮಲಗಿದವರಿಗೆ ಎಂಥ ಅಲಂಕಾರ ಎಂದು ಪುಟ್ಟದೊಂದು ರೈಲು ಡಬ್ಬಿ ಮಾಡಿದೆ, ಗಾಲಿ ಸಹಿತ. ಮೊಟ್ಟೆ ಒಡೆಯುವಾಗ ಕೈ ನಡುಗಲಿಲ್ಲ. ಅದನ್ನೇ ಹೇಳಬೇಕೆಂದು ಇಷ್ಟೆಲ್ಲ ಬರೆದೆ — ಕೈ ನಡುಗಲಿಲ್ಲ. ಅವರು ಉಣ್ಣಲಿ ಎನ್ನುವುದೊಂದೇ ಇತ್ತು ಮನಸ್ಸಿನಲ್ಲಿ. ಅದು ಪ್ರೀತಿಯೋ, ಅವರ ಬಾಯಿಂದ "ಛಲೋ ಆಗೇತಿ" ಅನ್ನಿಸಿಕೊಳ್ಳುವ ಹಸಿವೋ — ಇವತ್ತಿಗೂ ಬೇರೆ ಮಾಡಿ ಹೇಳಲಾರೆ.

ಅಕ್ಕೋರು ಪೂರಾ ತಿಂದರು. "ಹ್ಞಾಂ, ಇದ ನೋಡು!" ಎಂದರು. ಲಿಂಗ ಮುಟ್ಟಿಕೊಂಡು, "ನಿನ್ನ ಹೊಟ್ಟಿ ತಣ್ಣಗಿರಲಿ ನನ್ನವ್ವ" ಎಂದರು. ಆ ಆಶೀರ್ವಾದವನ್ನು ಹೊತ್ತುಕೊಂಡು ಅಲ್ಲಿ ಕೂರಲು ಆಗಲಿಲ್ಲ. ಸುನಂದಾಳನ್ನು ಹಿತ್ತಲಿಗೆ ಕರೆದೊಯ್ದು ಎಲ್ಲ ಹೇಳಿಬಿಟ್ಟೆ. ಅವತ್ತಿನದು, ಇವತ್ತಿನದು, ಎರಡೂ.

ಬೈಯುತ್ತಾಳೆ ಎಂದುಕೊಂಡಿದ್ದೆ. ಕಪಾಳಕ್ಕೆ ಹೊಡೆದಿದ್ದರೂ ಸರಿಯಿತ್ತು. ಅವಳು ಹಿತ್ತಲಿನ ಕಲ್ಲಿನ ಮೇಲೆ ಕುಂತಳು. ಕುಂತಲ್ಲಿಂದಲೇ ಹೇಳಿದಳು: "ನನಗ ಹೇಳಿ ನೀ ಹಗರಾದಿ. ಇನ್ನ ನಾ ಯಾರಿಗೆ ಹೇಳ್ಲಿ? ದಿನಾ ಆಕಿ ಹಣಿಗಿ ಇಬತ್ತಿ ಹಚ್ಚಾಕಿ ನಾನು."

ನಾನು ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಮತ್ತೊಂದು ಮಾತು ಹೇಳಿದಳು. "ಅವ್ವಗ ಬಾಯಿ ಬಿಟ್ಟಿ ಅಂದ್ರ ನೋಡು. ಈ ವಯಸ್ಸಿನ್ಯಾಗ ಇದು ತಿಳದ್ರ ಆಕಿ ನೀರೂ ಮುಟ್ಟಂಗಿಲ್ಲ. ಮತ್ತ ತತ್ತಿ ಹಾಕಿದ್ದನ್ನೂ ತರಬ್ಯಾಡ."

ಬಸ್ಸಿನಲ್ಲಿ ಬೆಳಗಾವಿಯ ತನಕ ಆ ಎರಡು ಮಾತುಗಳ ನಡುವೆ ಒಂದು ಸಂದು ಹುಡುಕುತ್ತ ಬಂದೆ. ಹೇಳುವಂತಿಲ್ಲ. ಮಾಡುವಂತಿಲ್ಲ. ಹೋಗದೆ ಇರುವಂತೆಯೂ ಇಲ್ಲ, ಅವರು ಕರೆಯುತ್ತಾರೆ.

ಕಳೆದ ಭಾನುವಾರ ಕರೆದರು. ಮೊಟ್ಟೆಯಿಲ್ಲದ್ದನ್ನು ಮಾಡಿಕೊಂಡು ಹೋದೆ. ಇನ್ನಷ್ಟು ಇಳಿದು ಹೋಗಿದ್ದಾರೆ. ನಾನೇ ಚೂರು ಮಾಡಿ ತುಟಿಗಿಟ್ಟೆ. ನಾಲಿಗೆ ಮೇಲೆ ಆಡಿಸಿ, ನಿಧಾನ ಮುಖ ಆ ಕಡೆ ತಿರುಗಿಸಿದರು. "ಇದಲ್ಲ ನನ್ನವ್ವ." ಸುನಂದಾ ಬಾಗಿಲಲ್ಲಿ ನನ್ನ ಬಾಯನ್ನೇ ನೋಡುತ್ತ ನಿಂತಿದ್ದಳು.

"ಅವತ್ತಿಂದು ಮಾಡೋದು ಮರತ ಹೋಗೇತ್ರಿ ಅಕ್ಕೋರ," ಎಂದೆ.

ಅಕ್ಕೋರು ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡರು. ಶಾಲೆಯಲ್ಲಿ ಮಗ್ಗಿ ತಪ್ಪಿದ ದಿನ ಹಿಡಿದುಕೊಳ್ಳುತ್ತಿದ್ದಂತೆಯೇ.

"ಅಳಬ್ಯಾಡ. ಕಲಿತಿದ್ದು ಎಲ್ಲಿ ಹೋಗತೈತಿ? ಮತ್ತ ಮತ್ತ ಮಾಡು, ನೆನಪಾಕ್ಕೈತಿ. ಅಲ್ಲೀತನಕ ನಾ ಕಾಯ್ತೀನಿ."